ಮದ್ದಲ್ಲ, ತೀನಿ

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ‘ಹೆಸ್ರು ಬೇಡ ಅಮ್ಮಣಿ, ಮಾತು ಸರಿ ಮಾಡು’ ಎಂದು ಅವರೇ ನನಗೆ ಹೇಳಿದ್ದರು. ಒಂದೇ ಒಂದು ಮಾತು, ಎರಡಕ್ಷರದ್ದು. ಅದನ್ನು ಸರಿ ಮಾಡುವ ಧೈರ್ಯ ನನಗೆ ಬರುವಷ್ಟರಲ್ಲಿ ಅವರೇ ಹೋಗಿಬಿಟ್ಟರು. ಸತ್ತವರ ಬಗ್ಗೆ ಮೆತ್ತಗೆ ಬರೆಯಬೇಕು ಎನ್ನುತ್ತಾರೆ. ಅವರ ಬಗ್ಗೆ ಮೆತ್ತಗೇ ಬರೆಯುತ್ತೇನೆ. ಉಳಿದವರ ಬಗ್ಗೆ, ಅದರಲ್ಲೂ ನನ್ನ ಬಗ್ಗೆ, ಮೆತ್ತಗೆ ಬರೆಯುವ ಮನಸ್ಸು ಈಗ ಇಲ್ಲ.

ಹೋದ ತಿಂಗಳು ತಮಿಳುನಾಡಿನ ಮೇಟ್ಟುಪ್ಪಾಳಯದ ಹತ್ತಿರದ ಸಿರುಮುಗೈಯಿಂದ ಅವರ ಹೆಂಡತಿ ಫೋನ್ ಮಾಡಿದರು. ‘ಅವ್ರು ಹೋಗ್ಬಿಟ್ರು ಅಮ್ಮಣಿ. ಹನ್ನೊಂದ್ ದಿನ ಆಯ್ತು. ಒಂದ್ಸಲ ಬಂದು ಹೋಗು, ಒಂದು ಓದೋ ಕೆಲ್ಸ ಇದೆ’ ಎಂದರು. ಸಾವಿನ ಮನೆಯಲ್ಲಿ ಓದುವ ಕೆಲಸ ಏನಿರುತ್ತದೆ ಎಂದು ನನಗೆ ಹೊಳೆಯಲಿಲ್ಲ. ಮೇಟ್ಟುಪ್ಪಾಳಯದವರೆಗೆ ಬಸ್ಸಿನಲ್ಲಿ ಕೂತಷ್ಟು ಹೊತ್ತೂ ಅವರ ಬೆರಳುಗಳೇ ಕಣ್ಣ ಮುಂದಿದ್ದವು.

ಆ ಬೆರಳುಗಳ ವಿಷಯ ಮೊದಲು ಹೇಳಬೇಕು. ಹೆಬ್ಬೆರಳನ್ನು ತೋರುಬೆರಳಿಗೆ ಸದಾ ಉಜ್ಜುತ್ತಿದ್ದರು, ನೂಲಿನ ಎಳೆಯೊಂದು ಅಲ್ಲಿರುವಂತೆ. ಹುಟ್ಟಿದ್ದು ನೇಕಾರರ ಮನೆಯಲ್ಲಿ. ಮೊಣಕಾಲು ಸೋಲುವವರೆಗೆ ಗುಂಡಿಮಗ್ಗದಲ್ಲಿ ರೇಷ್ಮೆ ಸೀರೆ ನೇಯ್ದವರು. ಮಗ್ಗ ಬಿಟ್ಟ ಮೇಲೆ ಭವಾನಿ ದಡದ ತುಂಡು ಜಮೀನಿನಲ್ಲಿ ಮೂರು ಕೊಳ ತೋಡಿಸಿ ಮೀನು ಸಾಕತೊಡಗಿದರು. ಮಗ್ಗ ಬಿಟ್ಟರೂ ಬೆರಳು ಬಿಡಲಿಲ್ಲ. ಎದುರಿಗಿದ್ದವರ ಮಾತು ನಿಜವೋ ಸುಳ್ಳೋ ಎಂದು ಅನುಮಾನ ಬಂದಾಗಲೂ ಹಾಗೇ ಉಜ್ಜುತ್ತಿದ್ದರು. ನಮ್ಮ ಕಂಪನಿಯ ಮ್ಯಾನೇಜರ್ ಮಾತಾಡುವಾಗಲಂತೂ ಆ ಎರಡು ಬೆರಳಿಗೆ ಬಿಡುವೇ ಇರುತ್ತಿರಲಿಲ್ಲ.

ನಾನು ಮದ್ದೂರಿನ ಕಡೆಯವಳು. ಮದುವೆಯಾಗಿ ಕೊಯಮತ್ತೂರಿಗೆ ಬಂದೆ. ಮದುಕ್ಕರೈಯಲ್ಲಿ ಸಿಮೆಂಟ್ ಫ್ಯಾಕ್ಟರಿಯ ಧೂಳು ಬೀಳುವ ರಸ್ತೆಯಲ್ಲಿ ಮೀನಿನ ಆಹಾರ ತಯಾರಿಸುವ ಕಂಪನಿಯೊಂದಿದೆ, ಅದರಲ್ಲಿ ಕೆಲಸ ಸಿಕ್ಕಿತು. ಕರ್ನಾಟಕದ ರೈತರ ಫೋನಿಗೆ ಉತ್ತರ ಹೇಳುವುದು, ಕನ್ನಡದಲ್ಲಿ ಕರಪತ್ರ ಬರೆಯುವುದು, ಇಷ್ಟೇ ನನ್ನ ಕೆಲಸ. ಆಗಷ್ಟೇ ಕಂಪನಿಗೆ ಹೊಸ ಹುರುಪು ಬಂದಿತ್ತು. ರಾಮನಾಥಪುರದ ಕಡಲಂಚಿನಿಂದ ಕಡಲಪಾಚಿ ತರಿಸಿ, ಒಣಗಿಸಿ, ಪುಡಿ ಮಾಡಿ, ಚೀಲದಲ್ಲಿ ತುಂಬಿ ಮಾರುವುದು. ದಿನದ ಆಹಾರದ ಜೊತೆ ಇಷ್ಟಿಷ್ಟು ಬೆರೆಸಿ ಹಾಕಿದರೆ ಮೀನಿನ ಮೈಗೆ ರೋಗ ತಡೆಯುವ ಕಸುವು ಬರುತ್ತದೆ ಎಂಬುದು ಲೆಕ್ಕಾಚಾರ. ಅದನ್ನು ಪರೀಕ್ಷಿಸಲು ಕಂಪನಿ ಆರಿಸಿಕೊಂಡದ್ದು ಇವರ ಮೂರು ಕೊಳಗಳನ್ನು. ಮನೆಯಲ್ಲಿ ಕನ್ನಡ ಆಡುತ್ತಾರಂತೆ, ನೀವೇ ಹೋಗಿಬನ್ನಿ ಎಂದು ನನ್ನನ್ನು ಕಳಿಸಿದರು.

ಮೊದಲ ದಿನ ಅವರ ಕನ್ನಡ ಕೇಳಿ ನಾನು ನಕ್ಕೆ. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ತಮಿಳಿನ ಏರಿಳಿತ, ನಡುನಡುವೆ ಆಮೇಲೆ ಎನ್ನಲು ‘ಅಪ್ಪುರ’, ಆದರೆ ಎನ್ನಲು ‘ಆನಾ’. ಇದೂ ಕನ್ನಡವೇ ಎಂದು ನನ್ನ ಮುಖದ ಮೇಲೆ ಬರೆದಿತ್ತೇನೋ.

‘ಏನ್ ಅಮ್ಮಣಿ ನಗ್ತೀಯ?’ ಎಂದರು. ‘ನಮ್ಮೋರು ಇಲ್ಲಿಗೆ ಬಂದು ಎಷ್ಟ್ ತಲೆ ಆಯ್ತೋ ಯಾರಿಗ್ಗೊತ್ತು. ಬೀದೀಲಿ ತಮಿಳು, ಇಸ್ಕೂಲಲ್ಲಿ ತಮಿಳು, ಲೆಕ್ಕ ತಮಿಳು. ಆನಾ ಹೊಸ್ಲು ದಾಟಿ ಒಳಗ್ ಬಂದ್ರೆ ಇದೇ ಮಾತು. ಓದಕ್ ಬರಲ್ಲ, ಬರಿಯಕ್ ಬರಲ್ಲ, ಆಡಕ್ ಮಾತ್ರ ಬರ್ತದೆ. ನೀನು ಮೂರೂ ಬಲ್ಲೋಳು. ನಗು ಪರ್ವಾಗಿಲ್ಲ.’

ಅವರ ಹೆಂಡತಿ ಒಳಗಿನಿಂದ ಮಜ್ಜಿಗೆ ತಂದುಕೊಟ್ಟರು. ಅಷ್ಟರಲ್ಲಿ ನನ್ನ ನಗು ಎತ್ತಲೋ ಹೋಗಿತ್ತು. ಅಂದಿನಿಂದ ಅವರನ್ನು ಅಯ್ಯಾ ಎಂದೆ, ಅವರ ಹೆಂಡತಿಯನ್ನು ಅಮ್ಮಾ ಎಂದೆ.

ಆ ಮನೆಯಲ್ಲಿ ಮೀನು ತಿನ್ನುವವರು ಯಾರೂ ಇರಲಿಲ್ಲ. ಗಂಡಹೆಂಡಿರಿಬ್ಬರೂ ಸೊಪ್ಪು ಬೇಳೆಯವರು. ಆದರೆ ಮೀನಿಗೆ ಹಾಕುವ ಊಟವನ್ನು ಮಾತ್ರ ಅಯ್ಯ ತಿಂದು ನೋಡುತ್ತಿದ್ದರು. ಪ್ರತಿ ಹೊಸ ಚೀಲ ಬಿಚ್ಚಿದಾಗ ಒಂದು ಗುಳಿಗೆಯನ್ನು ನಾಲಿಗೆಯ ಮೇಲಿಟ್ಟು, ಕಣ್ಣು ಮುಚ್ಚಿ, ಚಪ್ಪರಿಸಿ, ಆಚೆ ಉಗಿಯುತ್ತಿದ್ದರು. ಕಡಲಪಾಚಿಯ ಪುಡಿ ಬಂದ ದಿನ ಅದನ್ನೂ ನೆಕ್ಕಿದರು. ನನಗೂ ಚಿಟಿಕೆ ಕೊಟ್ಟರು. ಉಪ್ಪು, ಅದರ ಹಿಂದೆ ಹಳೇ ದೋಣಿಯ ವಾಸನೆ.

‘ಉಪ್ಪು ಜಾಸ್ತಿ’ ಎಂದರು. ‘ಇದುಕ್ಕೆ ಕನ್ನಡದಲ್ಲಿ ಏನಂತ ಬರೀತೀಯ?’

‘ಕಡಲಕಳೆ ಅಂತ.’

‘ಕಳೆ ಅಂದ್ರೆ ಕಿತ್ತು ಬಿಸಾಕೋದಲ್ವಾ? ಬಿಸಾಕೋದನ್ನ ಯಾಕೆ ಮೀನ್ಗೆ ಹಾಕ್ತೀರಿ ಅಂತ ಕೇಳ್ತಾರೆ. ಕಡಲ್‌ಪಾಸಿ ಅನ್ನು.’

ನಾನು ಕಡಲಪಾಚಿ ಎಂದು ತಿದ್ದಿದೆ. ಮಾತಿನ ಬಗ್ಗೆ ಅವರಿಗೆ ಅಷ್ಟು ನಿಗಾ ಇತ್ತು. ಓದು ಬರಹ ಎರಡೂ ಬಲ್ಲ ನನಗೆ ಅದರಲ್ಲಿ ಕಾಲು ಪಾಲೂ ಇರಲಿಲ್ಲ.

ಕಂಪನಿಯ ಸೂಚನೆ ಸರಳವಾಗಿತ್ತು: ಪುಡಿಯನ್ನು ಆಹಾರದ ಜೊತೆ ಕಲಸಿ ನೀರಿಗೆ ಎರಚಿ. ಎರಚಿದರು. ಗುಳಿಗೆ ಮುಳುಗುವ ಮೊದಲೇ ಪುಡಿಯೆಲ್ಲ ಬಿಟ್ಟುಕೊಂಡು ನೀರು ಕದಡಿತು. ಮೀನಿನ ಹೊಟ್ಟೆಗೆ ಹೋಗಬೇಕಾದದ್ದು ಕೊಳದ ಹೊಟ್ಟೆಗೆ ಹೋಯಿತು. ಆಫೀಸಿಗೆ ಹೇಳಿದರೆ, ಇನ್ನೂ ಸ್ವಲ್ಪ ಜಾಸ್ತಿ ಹಾಕಲಿ ಎಂದರು. ಎಸಿ ರೂಮಿನಲ್ಲಿ ಕೂತವರಿಗೆ ಎಲ್ಲದಕ್ಕೂ ಅದೊಂದೇ ಉತ್ತರ.

ಅಯ್ಯ ಎರಡು ದಿನ ಬೆರಳು ಉಜ್ಜುತ್ತಾ ಕೂತರು. ಮೂರನೆಯ ದಿನ ಅಕ್ಕಿ ಗಂಜಿ ಕಾಸಿದರು. ಅವರು ಹುಡುಗರಾಗಿದ್ದಾಗ ಅವರ ಅಪ್ಪ ನೇಯುತ್ತಿದ್ದದ್ದು ಹತ್ತಿ ಸೀರೆಯಂತೆ. ಬಿಸಿಲೇರುವ ಮೊದಲು ಬೀದಿಯುದ್ದಕ್ಕೂ ಹಾಸಿನ ನೂಲು ಚಾಚಿ ಕಟ್ಟಿ, ಮನೆಮಂದಿಯೆಲ್ಲ ಅದಕ್ಕೆ ಗಂಜಿ ಬಳಿಯಬೇಕಾಗಿತ್ತಂತೆ, ಪಾವು ಹಾಕುವುದು ಎಂದರೆ ಅದೇ. ಗಂಜಿ ದಪ್ಪವಾದರೆ ಎಳೆಗೆ ಎಳೆ ಅಂಟುತ್ತದೆ, ತೆಳುವಾದರೆ ಮಗ್ಗದಲ್ಲಿ ನೂಲು ಹರಿಯುತ್ತದೆ. ಆ ಹದ ಅವರ ಹೆಬ್ಬೆರಳಿಗೆ ಗೊತ್ತಿತ್ತು. ಅದೇ ಹದದ ಗಂಜಿಯಲ್ಲಿ ಪಾಚಿ ಪುಡಿ ಕಲಸಿ, ಗುಳಿಗೆಗೆಲ್ಲ ಸವರಿ, ಚಾಪೆಯ ಮೇಲೆ ನೆರಳಿನಲ್ಲಿ ಒಣಗಿಸಿದರು. ಮಾರನೇ ದಿನ ಗಾಜಿನ ಲೋಟದ ನೀರಿಗೆ ಒಂದು ಗುಳಿಗೆ ಹಾಕಿ ನನ್ನ ಮುಂದಿಟ್ಟರು. ನಾನು ಮಜ್ಜಿಗೆ ಕುಡಿದು ಮುಗಿಸಿದರೂ ಆ ನೀರು ತಿಳಿಯಾಗಿಯೇ ಇತ್ತು.

‘ಪಾವು ಹಾಕ್ದಂಗೆ’ ಎಂದರು, ಇದರಲ್ಲೇನಿದೆ ಎಂಬ ಹಾಗೆ.

ಮೂರು ಕೊಳಗಳನ್ನೂ ಒಂದೇ ಥರ ನೋಡಿಕೊಳ್ಳಲಿಲ್ಲ. ಒಂದಕ್ಕೆ ಪಾಚಿ ಹಾಕಲೇ ಇಲ್ಲ. ಒಂದಕ್ಕೆ ಸ್ವಲ್ಪ, ಒಂದಕ್ಕೆ ಕಂಪನಿ ಹೇಳಿದಷ್ಟು. ಎಲ್ಲದಕ್ಕೂ ಹಾಕಿ ಎಂದು ಆಫೀಸಿನವರು ಹೇಳಿ ಕಳಿಸಿದಾಗ, ‘ಒಂದುಕ್ಕೆ ಹಾಕ್ದೆ ಬಿಡ್ಬೇಡ್ವಾ? ಇಲ್ಲಾಂದ್ರೆ ಯಾರ್ ಜೊತೆ ಇಟ್ಟು ನೋಡೋದು?’ ಎಂದು ನನ್ನನ್ನೇ ಕೇಳಿದರು. ನಮ್ಮ ಕಂಪನಿಯಲ್ಲಿ ದೊಡ್ಡ ಓದು ಓದಿದವರಿದ್ದರು. ಈ ಪ್ರಶ್ನೆ ಅವರ ಬಾಯಿಂದ ಬರಬೇಕಾಗಿತ್ತು.

ಮಾರ್ಗಳಿಯ, ಅಂದರೆ ನಮ್ಮ ಧನುರ್ಮಾಸದ, ಚಳಿ ಬಂತು. ಆ ದಿನಗಳಲ್ಲಿ ಮೀನಿನ ಮೈಮೇಲೆ ಕೆಂಪು ಹುಣ್ಣು ಏಳುತ್ತದೆ, ಕೊಳಕ್ಕೆ ಕೊಳವೇ ತೇಲುವುದೂ ಉಂಟು. ಅಯ್ಯ ದಿನವೂ ಬಲೆ ಎಳೆದು ಒಂದೊಂದೇ ಮೀನನ್ನು ಒದ್ದೆ ಅಂಗೈಯಲ್ಲಿ ಹೊರಳಿಸಿ ನೋಡುತ್ತಿದ್ದರು. ಮೀನಿಗೆ ಅವರದು ಯಾವಾಗಲೂ ಬಹುವಚನ. ‘ಇವ್ರಿಗೆ ಇವತ್ತು ಮೈಯಲ್ಲಿ ಹುಷಾರಿಲ್ಲ’, ‘ಅವ್ರು ಇವತ್ತು ಸರಿಯಾಗಿ ಉಣ್ಲಿಲ್ಲ’ ಎನ್ನುವರು. ನಾನು ಚುಡಾಯಿಸಿದರೆ, ‘ಅನ್ನ ಕೊಡೋರಲ್ವಾ ಅಮ್ಮಣಿ’ ಎಂದು ನಕ್ಕುಬಿಡುವರು. ಸ್ವಲ್ಪವೇ ಪಾಚಿ ಹಾಕಿದ್ದ ಕೊಳದಲ್ಲಿ ಹುಣ್ಣು ಕಮ್ಮಿ ಇತ್ತು. ಹಾಕದಿದ್ದ ಕೊಳದಲ್ಲಿ ಜಾಸ್ತಿ. ತುಂಬಾ ಹಾಕಿದ್ದರಲ್ಲಿ ಹುಣ್ಣು ಕಮ್ಮಿಯೇ, ಆದರೆ ಮೀನು ಬೆಳೆದಿರಲಿಲ್ಲ. ಹುಣ್ಣು ಕಂಡ ಕೂಡಲೇ ಅವರು ಮೂರಕ್ಕೂ ಸುಣ್ಣ ಹಾಕಿ ನೀರು ಸರಿ ಮಾಡಿದರು.

ನಾನು ನೋಟ್‌ಬುಕ್ ತೆಗೆದುಕೊಂಡು ಕೂತೆ. ಅವರು ಹೇಳಿದ್ದು ಇಷ್ಟು: ‘ಕಮ್ಮಿ ಆಯ್ತು ಅಂತ ಬರಿ. ಬರ್ಲೇ ಇಲ್ಲ ಅಂತ ಬರೀಬೇಡ. ಇದು ತೀನಿ. ಒಳ್ಳೇ ತೀನಿ. ದಿನಾ ಕೊಂಜ ಕೊಂಜ, ಇಷ್ಟಿಷ್ಟೇ, ಹಾಕ್ತಾ ಇದ್ರೆ ಮೈಗೆ ಬಲ. ಸೀಕು ಬಂದ್ಮೇಲೆ ಇದು ಏನೂ ಮಾಡಲ್ಲ. ಸೀಕು ಬಂದ್ರೆ ಸುಣ್ಣ, ಇಲ್ಲಾಂದ್ರೆ ಡಾಕ್ಟ್ರು.’

ಆಡಿಗೆ, ಕೋಳಿಗೆ, ಮೀನಿಗೆ ಹಾಕುವುದಕ್ಕೆಲ್ಲ ಆ ಕಡೆ ತೀನಿ ಎನ್ನುತ್ತಾರೆ. ನಮ್ಮ ಕಡೆಯ ತಿನಿಸು ಇದ್ದಂತೆ. ಆಫೀಸಿಗೆ ಬಂದು ಕರಪತ್ರ ಬರೆಯಲು ಕೂತಾಗ ಆ ಪದ ನನಗೆ ಒರಟೆನಿಸಿತು. ಆಹಾರ ಎಂದು ಬರೆದೆ. ಮ್ಯಾನೇಜರ್ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದ. ಬೆಂಗಳೂರಿನವನು, ನನಗಿಂತ ಚಿಕ್ಕವನು, ಬಾಯಿ ತೆರೆದರೆ ಮಾರ್ಕೆಟ್.

‘ಆಹಾರ ಅಂದ್ರೆ ಯಾರ್ ಮೇಡಂ ತಗೋತಾರೆ? ಆಹಾರ ಎಲ್ಲರ ಹತ್ರಾನೂ ಇದೆ. ಏನಾದ್ರೂ ಪವರ್‌ಫುಲ್ಲಾಗಿ ಹಾಕಿ.’

ನಾನು ಹಾಕಿದೆ. ಒತ್ತಾಯ ಮಾಡಿ ಹಾಕಿಸಿದರು ಎಂದು ಈಗ ಹೇಳಿ ಪಾರಾಗುವುದಿಲ್ಲ. ಪವರ್‌ಫುಲ್ ಎಂದದ್ದು ಅವನು, ಪದ ಹುಡುಕಿದವಳು ನಾನು. ಕರಪತ್ರದ ತುಂಬ ಅಯ್ಯನ ಫೋಟೊ: ಬಿಳಿ ಪಂಚೆ, ಹೆಗಲ ಮೇಲೆ ಟವಲು, ಕೈಯಲ್ಲಿ ಒಂದು ಕಟ್ಲಾ ಮೀನು, ಯಾರೋ ತಮಾಷೆ ಮಾಡಿದಾಗ ಮೂಡಿದ ನಗು. ಅದರ ಕೆಳಗೆ ದಪ್ಪ ಅಕ್ಷರದಲ್ಲಿ ‘ನನ್ನ ಮೀನಿಗೆ ನಾನು ಹಾಕುವುದು ಇದೇ ಮದ್ದು’. ಅದರ ಕೆಳಗೆ ಸಣ್ಣದಾಗಿ ‘ಅನುಭವಿ ರೈತರೊಬ್ಬರು’. ಕರ್ನಾಟಕಕ್ಕೆ ಹೋಗುವ ಚೀಲಗಳ ಮೇಲೂ ಅದೇ ಸಾಲು ಅಚ್ಚಾಯಿತು. ಗಂಜಿ ಸವರುವ ವಿಧಾನಕ್ಕೆ ‘ನಮ್ಮ ಕಂಪನಿಯ ವಿಶೇಷ ಲೇಪನ ತಂತ್ರ’ ಎಂಬ ಬಿರುದು ಬಂತು.

ಕರಪತ್ರ ಕೊಟ್ಟಾಗ ಅಯ್ಯ ಅದನ್ನು ಬೆಳಕಿಗೆ ಹಿಡಿದು ನೋಡಿ, ಅಕ್ಷರದ ಮೇಲೆ ಬೆರಳಾಡಿಸಿ, ‘ಇದು ನನ್ನ ಹೆಸ್ರಾ?’ ಎಂದು ಕೇಳಿದರು. ನಾನು ‘ನಿಮ್ಮ ಮಾತು ಅಯ್ಯಾ’ ಎಂದೆ. ಸುಳ್ಳು ಎಷ್ಟು ಸಲೀಸಾಗಿ ಬರುತ್ತದೆ ನೋಡಿ. ಅದನ್ನು ಅವರು ದೇವರ ಪಟದ ಪಕ್ಕದ ಗೋಡೆಗೆ ಅಂಟಿಸಿದರು. ಬಂದವರಿಗೆಲ್ಲ ತೋರಿಸಿದರು. ಕನ್ನಡ ಓದಲು ಬಾರದ ಬೀದಿಯವರೆಲ್ಲ ಆ ಸಾಲನ್ನು ನೋಡಿ ತಲೆದೂಗಿದರು. ಇದು ನಡೆದದ್ದು ಒಂದು ದಿನವಲ್ಲ, ಒಂದು ವರ್ಷ.

ಮುಂದಿನ ಚಳಿಗಾಲದಲ್ಲಿ ದಿಂಬಂ ಘಾಟಿ ಇಳಿದು ಚಾಮರಾಜನಗರದ ಕಡೆಯ ರೈತನೊಬ್ಬ ಡೀಲರನಿಂದ ಊರು ತಿಳಿದುಕೊಂಡು ಅವರ ಮನೆ ಹುಡುಕಿಕೊಂಡು ಬಂದ. ಅಂದು ನಾನು ಅಲ್ಲೇ ಇದ್ದೆ, ಹೊಸ ಚೀಲದ ಬಗ್ಗೆ ಮಾತಾಡಲು ಹೋಗಿದ್ದೆ. ಅವನ ಕೈಯಲ್ಲಿ ಮಡಚಿ ಮಡಚಿ ಸವೆದ ಕರಪತ್ರ. ಅಂಗಳದಲ್ಲಿ ನಿಂತು ಅಯ್ಯನ ಮುಖವನ್ನೂ ಕರಪತ್ರವನ್ನೂ ಹೋಲಿಸಿ ನೋಡಿದ.

‘ನೀನೇ ಏನಯ್ಯ ಇದರಲ್ಲಿರೋನು?’

‘ನಾನೇ. ಬಾಪ್ಪ, ಕೂತ್ಕೋ’ ಎಂದರು ಅಯ್ಯ, ಸಂತೋಷದಿಂದಲೇ.

‘ಕೂರಕ್ಕೆ ಬಂದಿಲ್ಲ. ನನ್ನ ಮೀನಿಗೆ ಕೆಂಪು ಹುಣ್ಣು ಬಿತ್ತು. ನೀನು ಮದ್ದು ಅಂದಿದ್ದೀಯಲ್ಲ ಅಂತ ಇದನ್ನೇ ಹಾಕಿದೆ. ಕಮ್ಮಿ ಆಗ್ಲಿಲ್ಲ ಅಂತ ಇನ್ನೂ ಹಾಕಿದೆ. ಸುಣ್ಣ ಹಾಕು ಅಂತ ಪಕ್ಕದವನು ಬಡ್ಕೊಂಡ, ಮದ್ದಿದೆ ಬಿಡು ಅಂದೆ. ಮೀನೆಲ್ಲ ಸತ್ತು ಕೊಳ ಪೂರ್ತಿ ಮಗುಚ್ಕೊಂಡೋಯ್ತು.’

ಅಯ್ಯನಿಗೆ ಅರ್ಥವಾಗಲಿಲ್ಲ. ‘ನಾನು ಎಲ್ಲಪ್ಪ ಹಂಗಂದೆ?’ ಎಂದರು.

ಅವನು ಓದಿದ. ಗಟ್ಟಿಯಾಗಿ, ಒಂದೊಂದೇ ಪದ ಬಿಡಿಸಿ, ಅಂಗಳದಲ್ಲಿದ್ದವರಿಗೆಲ್ಲ ಕೇಳುವಂತೆ. ‘ನನ್ನ. ಮೀನಿಗೆ. ನಾನು. ಹಾಕುವುದು. ಇದೇ. ಮದ್ದು.’

ಒಳಗೆ ಪಾತ್ರೆ ಬಿದ್ದ ಸದ್ದಾಯಿತು. ಅಮ್ಮ ಬಾಗಿಲಿಗೆ ಬಂದರು. ‘ಮದ್ದು ಹಾಕೋದಾ? ಇವ್ರಾ?’ ಎಂದರು.

ಆಗ ನನಗೆ ಹೊಳೆಯಿತು. ಆ ಮನೆಯ ಕನ್ನಡದಲ್ಲಿ ವೈದ್ಯರು ಕೊಡುವುದು ಮರುಂದು, ಮಾತ್ರೆ. ಮದ್ದು ಹಾಕುವುದೆಂದರೆ ಒಂದೇ ಅರ್ಥ, ಆಗದವರು ಅನ್ನದಲ್ಲಿ ವಿಷ ಕಲಸಿ ಇಡುವುದು. ನನ್ನ ಅಜ್ಜಿಯೂ ಹೊಟ್ಟೆನೋವು ಬಂದರೆ ‘ಯಾರೋ ಮದ್ದು ಹಾಕವ್ರೆ’ ಎಂದೇ ಗೋಳಾಡುತ್ತಿದ್ದಳು. ನನಗೆ ಗೊತ್ತಿಲ್ಲದ ಅರ್ಥವೇನೂ ಅಲ್ಲ ಅದು. ನಾನು ಓದಿದವಳಲ್ಲವೇ, ಮರೆತಿದ್ದೆ. ಇಡೀ ಒಂದು ವರ್ಷ ಆ ಮನುಷ್ಯ ತನ್ನ ಮೀನಿಗೆ ತಾನೇ ವಿಷವಿಕ್ಕುತ್ತೇನೆಂಬ ಮಾತನ್ನು ದೇವರ ಪಕ್ಕ ಅಂಟಿಸಿಕೊಂಡು ಬಂದವರಿಗೆಲ್ಲ ತೋರಿಸಿದ್ದರು.

ಅಯ್ಯ ನನ್ನತ್ತ ತಿರುಗಿದರು. ಬೈಯಲಿಲ್ಲ. ಹೆಬ್ಬೆರಳು ತೋರುಬೆರಳಿನ ಮೇಲೆ ಒಮ್ಮೆ ಆಡಿ ನಿಂತಿತು. ‘ನಾನು ತೀನಿ ಅಂದೆ ಅಲ್ವಾ ಅಮ್ಮಣಿ?’ ಎಂದರು. ಆಮೇಲೆ ಆ ರೈತನನ್ನು ಕೂರಿಸಿ ಊಟ ಹಾಕಿಸಿದರು. ಸುಣ್ಣ ಯಾವಾಗ, ಹೇಗೆ ಹಾಕಬೇಕೆಂದು ಬಿಡಿಸಿ ಹೇಳಿದರು. ಅವನು ಹೋದ ಮೇಲೆ ಗೋಡೆಯ ಕರಪತ್ರವನ್ನು ಹರಿಯದಂತೆ ಬಿಡಿಸಿ ಟ್ರಂಕಿನಲ್ಲಿಟ್ಟರು. ಸುದ್ದಿ ಬೀದಿಯಿಂದ ಸಂತೆಗೆ ಹೋಗಲು ತಡವಾಗಲಿಲ್ಲ. ‘ಮದ್ದು ಹಾಕ್ದ ಮೀನು’ ಎಂದು ಜನ ಅವರ ಬುಟ್ಟಿ ದಾಟಿ ಮುಂದೆ ಹೋಗತೊಡಗಿದರು. ಅಯ್ಯನ ಮೀನು ಕೊಂಡು ಸಂತೆಯಲ್ಲಿ ಮಾರುತ್ತಿದ್ದ ಹೆಂಗಸರು ಅವರ ಕೊಳದ ಕಡೆ ಬರುವುದನ್ನೇ ಬಿಟ್ಟರು.

ಒಂದು ಸೋಮವಾರ ಅಯ್ಯ ಒಗೆದ ಪಂಚೆ ಉಟ್ಟು ಮದುಕ್ಕರೈಗೆ ಬಂದರು. ಮೂರು ಬಸ್ಸು ಬದಲಾಯಿಸಿ, ನೋಯುವ ಮೊಣಕಾಲಲ್ಲಿ. ಮ್ಯಾನೇಜರ್ ಮುಂದೆ ಕೂತು ಕರಪತ್ರ ಬಿಚ್ಚಿ, ‘ಈ ಒಂದು ಮಾತು ಸರಿ ಮಾಡ್ಕೊಡಿ ಸಾರ್, ಇನ್ನೇನೂ ಬೇಡ’ ಎಂದರು.

‘ಹೊಸ ಪ್ರಿಂಟಲ್ಲಿ ನಿಮ್ಮ ಹೆಸರೂ ಹಾಕ್ಸೋಣ ತಾತ’ ಎಂದ ಅವನು.

‘ಹೆಸ್ರು ಬೇಡ. ಮಾತು ಸರಿ ಮಾಡಿ. ಇದು ತೀನಿ. ಮದ್ದಲ್ಲ.’

‘ತೀನಿ ಅಂದ್ರೆ ಕರ್ನಾಟಕದಲ್ಲಿ ಯಾರಿಗೂ ಅರ್ಥ ಆಗಲ್ಲ ತಾತ. ಮದ್ದು ಅಂದ್ರೆ ಶುದ್ಧ ಕನ್ನಡ. ಔಷಧಿ ಅಂತ ಅರ್ಥ. ಅಲ್ವಾ ಮೇಡಂ?’

ಅವನು ನನ್ನನ್ನು ನೋಡಿದ. ಅಯ್ಯನೂ ನೋಡಿದರು. ಆ ಕೋಣೆಯಲ್ಲಿ ಕಂಪನಿಯ ಕನ್ನಡವನ್ನೂ ಆ ಮನೆಯ ಕನ್ನಡವನ್ನೂ ಬಲ್ಲವಳು ನಾನೊಬ್ಬಳೇ. ಆ ಪದಕ್ಕೆ ಆ ಮನೆಯಲ್ಲಿ ಏನರ್ಥ ಎಂಬುದೂ ಗೊತ್ತು. ಔಷಧಿ ಎಂದೇ ಇಟ್ಟುಕೊಂಡರೂ ಅದು ಔಷಧಿಯಲ್ಲ ಎಂಬುದೂ ಗೊತ್ತು.

‘ಹೌದು ಸಾರ್’ ಎಂದೆ.

ನಿಘಂಟು ತೆಗೆದು ನೋಡಿದರೆ ನಾನು ಹೇಳಿದ್ದು ಸರಿ. ಅದಕ್ಕೇ ನನ್ನ ಮೇಲೆ ನನಗೆ ಇಷ್ಟು ಸಿಟ್ಟು. ಸುಳ್ಳಾಡಿ ಸಿಕ್ಕಿಬೀಳುವುದಾದರೂ ಬೇರೆ, ನಿಜ ಹೇಳಿ ಒಬ್ಬ ಮನುಷ್ಯನನ್ನು ಕೈಬಿಡುವುದಿದೆಯಲ್ಲ, ಅದಕ್ಕೆ ನಮ್ಮಂಥ ಓದಿದವರೇ ಬೇಕು. ಆ ರೈತನ ಕೊಳ ಮಗುಚಿದ್ದಕ್ಕೆ ಕಂಪನಿ ಹೊಣೆಯಲ್ಲವಂತೆ, ಮಾತು ಅನುಭವಿ ರೈತರದಂತೆ. ಗಂಜಿಯ ಜಾಣತನಕ್ಕೆ ಕಂಪನಿ ಒಡೆಯ, ಸತ್ತ ಮೀನಿಗೆ ಮುದುಕ ಒಡೆಯ. ಇಷ್ಟು ನಾಚಿಕೆಗೇಡಿನ ಹಂಚಿಕೆಯನ್ನು ಮ್ಯಾನೇಜರ್ ಟೀ ಕುಡಿಯುತ್ತಾ ವಿವರಿಸಿದ. ನಾನು ಎದ್ದು ಹೋಗಲಿಲ್ಲ. ಅಂದೇ ಕೆಲಸ ಬಿಟ್ಟೆ ಎಂದು ಬರೆದರೆ ಓದುವವರಿಗೆ ಹಿತವಾಗಿರುತ್ತಿತ್ತು, ಆದರೆ ಬಿಡಲಿಲ್ಲ. ಇನ್ನೂ ಎರಡು ವರ್ಷ ಅಲ್ಲೇ ಇದ್ದು, ಮನೆ ಬದಲಾಯಿಸಿದಾಗ ದೂರವಾಯಿತೆಂದು ಬಿಟ್ಟೆ.

ಗೇಟಿನ ತನಕ ಅವರ ಹಿಂದೆ ಹೋದೆ. ಏನು ಹೇಳಬೇಕೆಂದು ತಿಳಿಯದೆ, ‘ಅಯ್ಯಾ, ನಿಮ್ಮ ಹೆಸರು ಹಾಕಿ ಪೇಪರಿಗೆ ನಾನೇ ಒಂದು ಕಾಗದ ಬರೀತೀನಿ’ ಎಂದೆ.

‘ಹೆಸ್ರು ಬೇಡ ಅಮ್ಮಣಿ, ಮಾತು ಸರಿ ಮಾಡು’ ಎಂದರು. ಎರಡು ಹೆಜ್ಜೆ ಹೋಗಿ ತಿರುಗಿ, ‘ನಿಂಗೆ ಆಗಲ್ಲಾಂದ್ರೆ ನಂಗೆ ಕಲ್ಸ್ಕೊಡು. ಎಲ್ಲಾ ಬೇಡ. ತೀನಿ ಅಂತ ಬರಿಯಕ್ ಅಷ್ಟೇ ಕಲ್ಸು’ ಎಂದರು.

ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತು ಕರಪತ್ರದ ಹಿಂಬದಿಯಲ್ಲಿ ಬರೆದು ತೋರಿಸಿದೆ. ಎರಡಕ್ಷರ. ಅವರು ನನ್ನ ಪೆನ್ನಿನಿಂದ ಹತ್ತಾರು ಸಲ ಬರೆದರು. ಪ್ರತಿ ಸಲವೂ ದೀರ್ಘ ಬಿಟ್ಟು ತಿನಿ, ತಿನಿ ಎಂದೇ ಬರುತ್ತಿತ್ತು. ಹೇಳಿದರೆ, ‘ಆ ಬಾಲ ಮರ್ತೋಗ್ತದೆ, ಬಿಡು. ತಿನ್ನೋದು ಅಂತ ತಿಳಿದ್ರೆ ಸಾಕು’ ಎಂದು ಎದ್ದರು. ಆಮೇಲೆ ಮದ್ದು ಎಂಬ ಪದದ ಆಕಾರವನ್ನೂ ಬೆರಳಿಟ್ಟು ಗುರುತು ಮಾಡಿಕೊಂಡರು. ಅಷ್ಟು ಸಾಕಾಯಿತು ಅವರಿಗೆ.

ಮುಂದೆ ಅವರು ಮಾಡಿದ ಕೆಲಸ ನನಗೆ ತಿಳಿದದ್ದು ಡೀಲರುಗಳು ಆಫೀಸಿಗೆ ಕೊಟ್ಟ ದೂರಿನಿಂದ. ಒಬ್ಬ ಮುದುಕ ಬಸ್ಸಿನಲ್ಲಿ ಘಾಟಿ ಹತ್ತಿ ಬರುತ್ತಾನೆ. ಅಂಗಡಿ ಮುಂದೆ ಜೋಡಿಸಿಟ್ಟ ಚೀಲಗಳ ಮುಂದೆ ಕೂರುತ್ತಾನೆ. ದಪ್ಪ ಮಾರ್ಕರಿನಿಂದ ಒಂದೊಂದೇ ಚೀಲದ ಮೇಲಿನ ಮದ್ದು ಹೊಡೆದುಹಾಕಿ ಪಕ್ಕದಲ್ಲಿ ತಿನಿ ಎಂದು ಬರೆಯುತ್ತಾನೆ. ಕೊಳ್ಳಲು ಬಂದವರಿಗೆ, ‘ದಿನಾ ಕೊಂಜ ಹಾಕು, ಗಂಜೀಲಿ ಸವರಿ ಹಾಕು, ಸೀಕು ಬಂದ್ರೆ ಇದನ್ನ ನಂಬ್ಬೇಡ’ ಎನ್ನುತ್ತಾನೆ. ಬಯ್ದು ಅಟ್ಟಿದರೆ ಮಾರನೇ ವಾರ ಇನ್ನೊಂದು ಅಂಗಡಿಯಲ್ಲಿರುತ್ತಾನೆ. ಆಫೀಸಿನಲ್ಲಿ ಎಲ್ಲರೂ ನಕ್ಕರು. ಆಮೇಲೆ ಯಾರಿಗೋ ನಗು ನಿಂತು, ವಕೀಲರ ನೋಟಿಸು ಹೋಯಿತು, ಇಂಗ್ಲಿಷಿನಲ್ಲಿ.

ಅದನ್ನು ಓದಿಸಲು ಅವರು ನನಗೇ ಫೋನ್ ಮಾಡಿದರು. ಬೇರೆ ಯಾರಿಗೆ ಮಾಡಬೇಕು? ಆ ನೋಟಿಸಿನ ಪ್ರತಿಯನ್ನು ನಾನು ಆಫೀಸಿನಲ್ಲೇ ನೋಡಿದ್ದೆ. ಕಂಪನಿಯ ಮಾಲು ಹಾಳು ಮಾಡಿದ್ದೀರಿ, ಮುಂದುವರಿಸಿದರೆ ಪೊಲೀಸರಿಗೆ ಕೊಡುತ್ತೇವೆ ಎಂದಿದೆ ಎಂದೆ.

‘ನನ್ನ ಮಾತು ನಾನೇ ಸರಿ ಮಾಡಿದ್ರೆ ತಪ್ಪಾ ಅಮ್ಮಣಿ?’

ನಾನು ಫೋನ್ ಇಟ್ಟುಬಿಟ್ಟೆ. ಅಮ್ಮ ಹೆದರಿ ಮಾರ್ಕರ್ ಬಚ್ಚಿಟ್ಟರಂತೆ. ಅವರು ಘಾಟಿ ಹತ್ತುವುದನ್ನು ನಿಲ್ಲಿಸಿದರು. ಕಂಪನಿಯ ಚೀಲ ಬಿಟ್ಟು, ಕಡಲ ಕಡೆಯಿಂದ ತಾವೇ ಒಣಪಾಚಿ ತರಿಸಿ, ಸಿಹಿನೀರಿನಲ್ಲಿ ತೊಳೆದು ಉಪ್ಪು ಬಿಡಿಸಿ, ಗಂಜಿಯಲ್ಲಿ ಸವರಿ ಕೊನೆಯವರೆಗೂ ಹಾಕಿದರು. ಸಂತೆಯ ಜನ ಮೆಲ್ಲಗೆ ಮರೆತರು, ಒಬ್ಬೊಬ್ಬರಾಗಿ ಮೀನು ಕೊಳ್ಳಲು ಬಂದರು. ಅಯ್ಯ ಮರೆತಿರಲಿಲ್ಲ. ನಾನು ಆಮೇಲೆ ಹೋದದ್ದು ಎರಡೇ ಸಲ. ಎರಡೂ ಸಲ ಮಜ್ಜಿಗೆ ಕೊಟ್ಟರು, ಬೆರಳು ಉಜ್ಜಲಿಲ್ಲ. ನನ್ನ ಮಾತು ನಿಜವೋ ಸುಳ್ಳೋ ಎಂಬ ಅನುಮಾನ ಅವರಿಗೆ ಉಳಿದಿರಲಿಲ್ಲ ಎಂದೇ ನಾನು ತಿಳಿದುಕೊಂಡೆ.

ಹೋದ ತಿಂಗಳು, ಫೋನ್ ಬಂದ ದಿನವೇ, ಆ ಮನೆಯ ಹೊಸ್ತಿಲು ದಾಟಿದಾಗ ಎದುರಿಗೇ ಅವರ ಪಟ ಇತ್ತು. ಹಾರ ಹಾಕಿ ದೀಪ ಹಚ್ಚಿಟ್ಟಿದ್ದರು. ಬಿಳಿ ಪಂಚೆ, ಹೆಗಲ ಮೇಲೆ ಟವಲು, ಅದೇ ನಗು. ಮೀನು ಕಾಣದಂತೆ ಕತ್ತರಿಸಿದ್ದರು. ಎದೆಯ ಕೆಳಗೆ, ಹಾರ ಇಳಿಬಿದ್ದ ಕಡೆ, ಆ ಸಾಲನ್ನು ಅಂದವಾಗಿ ಕೂರಿಸಿದ್ದರು. ಸ್ಟುಡಿಯೋದವನು ಅದನ್ನೂ ಚೆನ್ನಾಗಿ ದೊಡ್ಡದು ಮಾಡಿದ್ದ.

ಅಮ್ಮ ನನ್ನ ಪಕ್ಕದಲ್ಲೇ ನಿಂತಿದ್ದರು. ‘ಅವ್ರು ನಕ್ಕಿರೋ ಫೋಟೊ ಅದೊಂದೇ ಇದ್ದಿದ್ದು, ಟ್ರಂಕಿಂದ ತೆಗ್ದು ಕೊಟ್ಟೆ. ಬರ್ದಿರೋದೆಲ್ಲ ತೆಗ್ದಾಕು ಅಂದೆ ಅವನ್ಗೆ. ಹೆಸ್ರು ಇರ್ಲಿ ಅಂತ ಒಂದ್ ಸಾಲು ಬಿಟ್ಟವ್ನೆ. ಅವನ್ಗೂ ಓದಕ್ ಬರಲ್ಲ, ನಂಗೂ ಬರಲ್ಲ. ಹನ್ನೊಂದ್ ದಿನ ದೀಪ ಹಚ್ಚಿದೀನಿ. ಯಾರ್ನ ಕೇಳ್ಲಿ? ಅದು ಅವ್ರ ಹೆಸ್ರಾ, ಇಲ್ಲಾ ಅದೇ ಮಾತಾ ಅಮ್ಮಣಿ?’

ಹೆಸರು ಎಂದುಬಿಡಬಹುದಿತ್ತು. ಆ ಮನೆಯಲ್ಲಿ ಯಾರಿಗೂ ಯಾವತ್ತೂ ಗೊತ್ತಾಗುತ್ತಿರಲಿಲ್ಲ. ಒಳ್ಳೆಯ ಸುಳ್ಳು ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಳ್ಳಬಹುದಿತ್ತು. ಆ ನಗುಮುಖದ ಕೆಳಗೆ ನಾನು ಬರೆದ ಸಾಲನ್ನು ಇನ್ನೊಮ್ಮೆ ಓದಿದೆ.

‘ಅದೇ ಮಾತು ಅಮ್ಮಾ’ ಎಂದೆ. ‘ಬರೆದವಳು ನಾನೇ.’

‘ಅದು ಗೊತ್ತು’ ಎಂದರು ಅಮ್ಮ. ‘ಅವ್ರು ಅವತ್ತೇ ಹೇಳಿದ್ರು.’

ಪಟ ಇಳಿಸಿ, ಹಾರ ತೆಗೆದು, ಹಿಂದಿನ ಮೊಳೆ ಬಿಚ್ಚಿ ಫೋಟೊ ಹೊರತೆಗೆದೆ. ಆ ಸಾಲನ್ನು ಕತ್ತರಿಸಿ ಹಾಕಲೇ ಎಂದು ಕೇಳಿದೆ. ಅವರು ಬೇಡ ಎಂದು ತಲೆಯಾಡಿಸಿ ಒಳಗೆ ಹೋದರು. ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟಿದ್ದ ಮಾರ್ಕರನ್ನು ತಂದು ನನ್ನ ಕೈಗೆ ಕೊಟ್ಟರು. ‘ಕತ್ರಿಸ್ಬೇಡ. ಸರಿ ಮಾಡು’ ಎಂದರು.

ಮಾರ್ಕರ್ ಒಣಗಿತ್ತು. ತುದಿಗೆ ನೀರು ಮುಟ್ಟಿಸಿ ಉಜ್ಜಿದ ಮೇಲೆ ತೆಳ್ಳಗೆ ಬಂತು. ಮದ್ದು ಹೊಡೆದುಹಾಕಿ ಪಕ್ಕದಲ್ಲಿ ತೀನಿ ಎಂದು ಬರೆದೆ. ನನ್ನ ಮೀನಿಗೆ ನಾನು ಹಾಕುವುದು ಇದೇ ತೀನಿ. ಓದಿ ಹೇಳಿದೆ. ಅಮ್ಮ ಫೋಟೊವನ್ನು ಕಣ್ಣ ಹತ್ತಿರ ಹಿಡಿದು ಆ ಎರಡಕ್ಷರವನ್ನು ಬಹಳ ಹೊತ್ತು ನೋಡಿದರು.

‘ಅವ್ರು ಬರ್ದಂಗಿಲ್ಲ’ ಎಂದರು. ‘ಬಾಗ್ಲು ಮೇಲೆ, ನೆಲದ ಮೇಲೆ, ಎಲ್ಲಾ ಕಡೆ ಬರ್ದು ಬರ್ದು ನೋಡೋರು. ಅದುಕ್ಕೆ ಈ ಬಾಲ ಇರ್ಲಿಲ್ಲ ಅಮ್ಮಣಿ.’

ಮಸಿ ಇನ್ನೂ ಆರಿರಲಿಲ್ಲ. ಹೆಬ್ಬೆರಳಿನಿಂದ ಆ ದೀರ್ಘವನ್ನು ಒರೆಸಿ ತೆಗೆದೆ.